ಕರಿಬೇವಿನ ಗಿಡದ ಕಪ್ಪು ಚಿಟ್ಟೆ: 34 ದಿನದ ಲೆಕ್ಕ

ಒಂದು ಹಳೆಯ ಪ್ಲಾಸ್ಟಿಕ್ ಸ್ಟೂಲು, ಎರಡು ಮೀಟರ್ ಸೊಳ್ಳೆ ಪರದೆ, 450 ರೂಪಾಯಿ, 34 ದಿನ. ಏಳು ಮೊಟ್ಟೆ, ಏಳು ಹುಳು, ಒಟ್ಟು 14 ಜೀವ ಇಟ್ಟುಕೊಂಡು ಶುರು ಮಾಡಿದೆ. ಹಾರಿಹೋದದ್ದು ಐದು. ಉಳಿದ ಒಂಬತ್ತರಲ್ಲಿ ಎಂಟರ ಗತಿಗೆ ನಾನೇ ಕಾರಣ. ಇಷ್ಟೆಲ್ಲ ಮಾಡಿದ್ದು ಒಂದು ಚಿಟ್ಟೆಯ ಹೆಸರು ಗೊತ್ತು ಮಾಡಿಕೊಳ್ಳೋಕೆ. ದಿನಾ ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದೆ, ಅದನ್ನೇ ಇಲ್ಲಿ ಸ್ವಲ್ಪ ಸರಿಮಾಡಿ ಹಾಕಿದ್ದೇನೆ.

ಜೂನ್ 14: ಕಂಡದ್ದು

ಎರಡು ದಿನ ಹಿಡಿದಿದ್ದ ಮಳೆ ಬೆಳಿಗ್ಗೆ ಬಿಟ್ಟಿತ್ತು. ಹಿತ್ತಲ ಕರಿಬೇವಿನ ಗಿಡ ಸುಮಾರು ಆರಡಿ ಎತ್ತರ ಇದೆ, ಮಳೆಗೆ ತುದಿಯೆಲ್ಲ ಎಳೆ ಚಿಗುರು. ಒಂದು ಕಪ್ಪು ಚಿಟ್ಟೆ ಅದರ ಸುತ್ತ ಸುತ್ತುತ್ತಿತ್ತು. ಅಂಗೈ ಅಗಲ. ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿನಲ್ಲಿ ಕೆಂಪು ಚಂದ್ರಗಳು, ಕೆಳಗೆ ಬಾಲ. ಕೂರುವುದಿಲ್ಲ, ಪಟಪಟ ರೆಕ್ಕೆ ಬಡಿಯುತ್ತಲೇ ಒಂದು ಚಿಗುರಿಗೆ ಕಾಲು ಊರಿ, ಹೊಟ್ಟೆ ಬಗ್ಗಿಸಿ, ಒಂದು ಮೊಟ್ಟೆ ಇಟ್ಟು ಹೋಯಿತು. ಅಷ್ಟರಲ್ಲಿ ನಾಲ್ಕು ಫೋಟೋ ತೆಗೆದೆ. ನಾಲ್ಕೂ ಮಸುಕು.

ಚಿಟ್ಟೆ ಪುಸ್ತಕದ ಚಿತ್ರ ನೋಡಿದೆ. ಬಿಳಿ ಮಚ್ಚೆ, ಕೆಂಪು ಚಂದ್ರ, ಬಾಲ: ಕಾಮನ್ ರೋಸ್. ಎರಡನೇ ಯೋಚನೆಯೇ ಬರಲಿಲ್ಲ. ಚಿಟ್ಟೆ ಗೀಳಿನ ಗೆಳೆಯನಿಗೆ ಫೋಟೋ ಕಳಿಸಿ "ಕಾಮನ್ ರೋಸ್ ನಮ್ಮ ಕರಿಬೇವಿನಲ್ಲಿ ಮೊಟ್ಟೆ ಇಟ್ಟಿತು" ಎಂದು ಬರೆದೆ. ಅವನ ಉತ್ತರ ಮೂರೇ ಸಾಲು. "ಇಟ್ಟಿರಲ್ಲ. ಮೈ ನೋಡಿದೆಯಾ? ಮೊಟ್ಟೆ ಸಾಕಿ ನೋಡು."

ಮೈ ನೋಡು ಅಂದರೇನು ಅಂತ ನನಗೆ ಅರ್ಥವಾಗಲಿಲ್ಲ. ಕೇಳೋಕೆ ಬಿಗುಮಾನ. ಆದರೆ ಅವನು ಯಾಕೆ ಅಷ್ಟು ಖಡಾಖಂಡಿತವಾಗಿ ಹೇಳಿದ ಅನ್ನೋದು ಅದೇ ಪುಸ್ತಕದ ಮುಂದಿನ ಪುಟದಲ್ಲಿತ್ತು: ಕಾಮನ್ ರೋಸ್ ಹುಳುವಿಗೆ ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಗಿಡಗಳೇ ಬೇಕು. ಕರಿಬೇವನ್ನು ಮೂಸಿಯೂ ನೋಡುವುದಿಲ್ಲ. ಹಾಗಾದರೆ ನಾನು ನೋಡಿದ್ದು ಏನು?

ಆ ಮೊಟ್ಟೆ ಇದ್ದ ಎಸಳಿಗೆ ಕೆಂಪು ದಾರ ಕಟ್ಟಿದೆ. ಇಡೀ ಲೆಕ್ಕದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ಜೂನ್ 14, ಸಂಜೆ: ಮೊಟ್ಟೆ ತಂದದ್ದು

ಗಿಡವನ್ನು ಸರಿಯಾಗಿ ಹುಡುಕಿದರೆ ಇನ್ನೂ ಆರು ಮೊಟ್ಟೆ ಸಿಕ್ಕವು. ಎಲ್ಲವೂ ಒಂಟಿ ಒಂಟಿ, ಎಳೆ ಎಲೆಯ ಮೇಲೆ. ಸಾಸಿವೆಗಿಂತ ಚಿಕ್ಕವು, ಮಿಲಿಮೀಟರಿನಷ್ಟು, ತಿಳಿ ಹಳದಿ ಗುಂಡು. ಇವು ಯಾವ ಚಿಟ್ಟೆ ಇಟ್ಟದ್ದೋ ನಾನು ನೋಡಿಲ್ಲ. ಎಲೆ ಸಮೇತ ಕತ್ತರಿಸಿ ತಂದೆ. ಮೊಟ್ಟೆಯನ್ನು ಬಿಡಿಸಬಾರದು, ಒಡೆಯುತ್ತದೆ.

ದಾರದ ಮೊಟ್ಟೆಯನ್ನು ಒಂದು ಸ್ಟೀಲ್ ಲೋಟದಲ್ಲಿಟ್ಟು ಬಾಯಿಗೆ ತೆಳು ಬಟ್ಟೆ, ರಬ್ಬರ್ ಬ್ಯಾಂಡ್. ಉಳಿದ ಆರನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿದೆ. ಎಲೆ ಬಾಡಬಾರದಲ್ವಾ ಅಂತ ಒದ್ದೆ ಟಿಶ್ಯೂ ಬೇರೆ ಹಾಸಿದೆ.

ಜೂನ್ 17: ಮರಿ

ಮೂರನೇ ದಿನ ಬೆಳಿಗ್ಗೆ ದಾರದ ಮೊಟ್ಟೆ ಒಡೆದಿತ್ತು. ಮೂರು ಮಿಲಿಮೀಟರಿನ ಕಂದು ಹುಳು, ಮೈಯೆಲ್ಲ ಮುಳ್ಳು ಮುಳ್ಳು, ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತಿತ್ತು. ಡಬ್ಬಿಯಲ್ಲಿ ಮರುದಿನದೊಳಗೆ ಐದು ಒಡೆದವು. ಒಂದು ಮೊಟ್ಟೆ ಮಾತ್ರ ಕಪ್ಪಾಗಿ ಹಾಗೇ ಉಳಿಯಿತು. ಮೊಟ್ಟೆಯೊಳಗೇ ಮೊಟ್ಟೆ ಇಡುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಜಗಳಿವೆ. ಅವು ಹೊಕ್ಕ ಮೊಟ್ಟೆ ಹೀಗೇ ಕಪ್ಪಾಗುತ್ತದಂತೆ. ಇದೊಂದು ನನ್ನ ತಪ್ಪಲ್ಲ. ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ನನ್ನದೇ.

ಜೂನ್ 19: ಮೊದಲ ಎಡವಟ್ಟು, ಮುಚ್ಚಳ

ಬೆಳಿಗ್ಗೆ ಡಬ್ಬಿ ತೆಗೆದರೆ ಒಳಗೆಲ್ಲ ಬೆವರು. ಗೋಡೆಯ ಮೇಲೆ ನೀರ ಹನಿ, ಒಂದು ಹನಿಯೊಳಗೆ ಒಂದು ಹುಳು. ಮುಳುಗಿ ಸತ್ತಿತ್ತು. ಟಿಶ್ಯೂ ಮೇಲೆ ಬಿಳಿ ಬೂಸ್ಟು ಶುರುವಾಗಿತ್ತು. ಮಳೆಗಾಲದಲ್ಲಿ ಬಿಗಿ ಮುಚ್ಚಳ, ಒದ್ದೆ ಟಿಶ್ಯೂ ಎರಡೂ ಹಾಕಿದ್ದು ಶುದ್ಧ ಪೆದ್ದುತನ. ಬಟ್ಟೆ ಕಟ್ಟಿದ್ದ ಸ್ಟೀಲ್ ಲೋಟ ಒಣಗಿ ಚೆನ್ನಾಗಿಯೇ ಇತ್ತು. ಅದು ಕಣ್ಣೆದುರಿಗೇ ಇದ್ದರೂ ನನಗೆ ಹೊಳೆದಿರಲಿಲ್ಲ.

ಅವತ್ತಿನಿಂದ ಮುಚ್ಚಳ ಬಂದ್. ಒಣ ಹಳೇ ಪೇಪರು ಹಾಸೋದು, ದಿನಕ್ಕೆರಡು ಸಲ ಬದಲಿಸೋದು.

ಜೂನ್ 20: ಸ್ಟೂಲು ಗೂಡು

ಪೈಪಿನಲ್ಲಿ ಚೌಕಟ್ಟು ಮಾಡೋಣ ಅಂತಿದ್ದೆ. ಮೂರು ದಾರಿಯ ಮೂಲೆ ಜಾಯಿಂಟ್ ಎಲ್ಲೂ ಸಿಗಲಿಲ್ಲ. ಸುಮ್ನೆ ಕೂತಿದ್ದಾಗ ಕೂತಿದ್ದ ಸ್ಟೂಲೇ ಕಣ್ಣಿಗೆ ಬಿತ್ತು. ತಲೆಕೆಳಗು ಮಾಡಿದರೆ ಅದೇ ಚೌಕಟ್ಟು! ಕೂರುವ ಹಲಗೆ ನೆಲವಾಯಿತು, ನಾಲ್ಕು ಕಾಲು ನಾಲ್ಕು ಕಂಬವಾಯಿತು.

ಅಳತೆ ಬೇಕಾದವರಿಗೆ: ಹಲಗೆ 30 ಸೆಂಟಿಮೀಟರ್ ಚೌಕ, ಕಾಲು 45 ಎತ್ತರ. ಕಾಲುಗಳು ಹೊರಗೆ ವಾಲಿರುವುದರಿಂದ ಮೇಲೆ 36 ಸೆಂಟಿಮೀಟರ್ ಅಗಲ ಬರುತ್ತದೆ. ಪರದೆಯನ್ನು 160 ಉದ್ದ, 70 ಅಗಲಕ್ಕೆ ಕತ್ತರಿಸಿ ಸುತ್ತಿದೆ. ಮೊದಲು ಮೇಲೆ ಮೂಟೆ ಕಟ್ಟಿದ ಹಾಗೆ ದಾರ ಕಟ್ಟಿದೆ, ಚಾವಣಿ ಜೋತು ಬಿತ್ತು. ಆಮೇಲೆ ಎರಡು ಬಿದಿರು ಕಡ್ಡಿಯನ್ನು ಕಾಲುಗಳ ತುದಿಗೆ ಅಡ್ಡಡ್ಡ ಕಟ್ಟಿ, ಅದರ ಮೇಲೆ ಪರದೆ ಎಳೆದು ಬಟ್ಟೆ ಕ್ಲಿಪ್ಪು ಹಾಕಿದೆ. ಆ ಕಡ್ಡಿಗಳು ಮುಂದೆ ಬೇರೆ ರೀತಿಯಲ್ಲೂ ಉಪಯೋಗಕ್ಕೆ ಬಂದವು. ಇರುವೆ ಬರದಿರಲು ಅಗಲದ ಟಬ್ಬಿನಲ್ಲಿ ಎರಡಿಂಚು ನೀರು, ನಡುವೆ ಇಟ್ಟಿಗೆ, ಇಟ್ಟಿಗೆ ಮೇಲೆ ಸ್ಟೂಲು.

ಖರ್ಚು: ಪರದೆ 120, ಕ್ಲಿಪ್ಪು 20. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ 300, ಅದು ದಂಡ. ಎರಡು ಸೆಂಟಿಮೀಟರ್ ಹತ್ತಿರ ಹೋಗದಿದ್ದರೆ ಫೋಕಸ್ ಆಗುವುದಿಲ್ಲ, ಅಷ್ಟು ಹತ್ತಿರ ಹೋದರೆ ಹುಳು ತಲೆ ಎತ್ತಿ ಕೊಂಬು ತೋರಿಸುತ್ತದೆ. ಇನ್ನೊಂದು ಹತ್ತು ರೂಪಾಯಿ ಇದೆ, ಅದರ ಕಥೆ ಮುಂದೆ.

ಜೂನ್ 23: ಎರಡನೇ ಎಡವಟ್ಟು, ಬಾಟಲಿ

ಎಲೆ ತಾಜಾ ಇರಲಿ ಅಂತ ರೆಂಬೆಯನ್ನು ನೀರಿನ ಬಾಟಲಿಯಲ್ಲಿ ನಿಲ್ಲಿಸಿದ್ದೆ. ಹುಳು ಪೊರೆ ಕಳಚುವ ಮೊದಲು ಜಾಗ ಹುಡುಕಿಕೊಂಡು ಓಡಾಡುತ್ತದೆ. ಒಂದು ಹುಳು ರೆಂಬೆಯ ಗುಂಟ ಕೆಳಗಿಳಿದು ನೇರ ಬಾಟಲಿಯ ಬಾಯಿಗೇ ಹೋಗಿದೆ. ಬೆಳಿಗ್ಗೆ ನೀರಿನಲ್ಲಿ ತೇಲುತ್ತಿತ್ತು. ಬಾಟಲಿಯ ಬಾಯಿಗೆ ಹತ್ತಿ ತುರುಕಬೇಕು, ಇಲ್ಲ ಅಲ್ಯೂಮಿನಿಯಂ ಹಾಳೆ ಸುತ್ತಿ ತೂತು ಮಾಡಿ ರೆಂಬೆ ಇಳಿಸಬೇಕು. ಎರಡು ನಿಮಿಷದ ಕೆಲಸ.

ಈ ಹೊತ್ತಿಗೆ ಹುಳುಗಳು ಒಂದು ಸೆಂಟಿಮೀಟರ್ ದಾಟಿದ್ದವು. ಕಂದು ಮೈ, ನಡುವೆ ಬಿಳಿ ಪಟ್ಟಿ, ಹಸಿ ಹಸಿ ಹೊಳಪು. ಥೇಟ್ ಹಕ್ಕಿ ಹಿಕ್ಕೆ. ಪೇಪರ್ ಬದಲಿಸುವಾಗ ಒಂದನ್ನು ನಿಜವಾಗಿಯೂ ಹಿಕ್ಕೆ ಅಂದುಕೊಂಡು ಕಸದ ಬುಟ್ಟಿಗೆ ಹಾಕಿದ್ದೆ. ಎಣಿಸಿದಾಗ ಒಂದು ಕಡಿಮೆ ಬಂತು, ಹುಡುಕಿ ತಂದೆ. ದಿನಾ ಎಣಿಸುವ ಅಭ್ಯಾಸ ಅವತ್ತು ಶುರುವಾಯಿತು.

ಜೂನ್ 26: ಮೂರನೇ ಎಡವಟ್ಟು, ಹತ್ತು ರೂಪಾಯಿ

ಇದನ್ನು ಬರೆಯೋಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಿಂದಿನ ದಿನ ಇಡೀ ಮಳೆ. ಹಿತ್ತಲಿಗೆ ಹೋಗೋಕೆ ಸೋಮಾರಿತನ. ಅಡುಗೆಗೆ ತಂದಿದ್ದ ಹತ್ತು ರೂಪಾಯಿ ಕಟ್ಟಿನ ಕರಿಬೇವು ಫ್ರಿಜ್ಜಿನಲ್ಲಿತ್ತು. ಒಮ್ಮೆ ನೀರಲ್ಲಿ ಅದ್ದಿ ಸ್ಟೂಲು ಗೂಡಿಗೆ ಹಾಕಿದೆ. ಲೋಟದ ಹುಳುವಿಗೆ ಮಾತ್ರ ಮನೆಯ ಗಿಡದ್ದೇ ಒಂದು ಎಸಳು ಉಳಿದಿತ್ತು, ಅದನ್ನು ಕೊಟ್ಟೆ. ಯೋಚಿಸಿ ಮಾಡಿದ್ದಲ್ಲ, ಅದು ಕೈಗೆ ಸಿಕ್ಕಿತು, ಅಷ್ಟೇ.

ಬೆಳಿಗ್ಗೆ ಗೂಡಿನ ಮೂರರಲ್ಲಿ ಎರಡು ಕೆಳಗೆ ಬಿದ್ದಿದ್ದವು. ಮೈ ತಿರುಚಿಕೊಂಡು, ಬಾಯಿಂದ ಹಸಿರು ನೀರು. ಸಂಜೆಗೆ ಸತ್ತವು. ಮೂರನೆಯದು ಆ ಎಲೆ ಮುಟ್ಟಿರಲಿಲ್ಲ, ಪೊರೆ ಕಳಚುವ ಹೊತ್ತು ಅದು, ಉಪವಾಸ ಕೂತಿತ್ತು. ಅದರಿಂದ ಉಳಿಯಿತು. ಮಾರಲು ಬೆಳೆಯುವ ಎಲೆಗೆ ಹುಳು ಬರದಿರಲೆಂದೇ ಔಷಧಿ ಹೊಡೆಯುತ್ತಾರೆ. ಅದೇ ಎಲೆಯನ್ನು ಹುಳುವಿಗೆ ತಿನ್ನಿಸಿದೆ. ನೀರಲ್ಲಿ ಅದ್ದಿದರೆ ಹೋಗುವಂಥದ್ದಲ್ಲ ಅದು. ಅದೇ ಕಟ್ಟಿನಿಂದ ನಾವೂ ಒಗ್ಗರಣೆ ಹಾಕಿದ್ದೆವು ಅನ್ನೋದು ಆಮೇಲೆ ನೆನಪಾಯಿತು.

ಏಳರಲ್ಲಿ ಈಗ ಎರಡೇ. ಲೋಟದ್ದು ಒಂದು, ಗೂಡಿನದು ಒಂದು.

ಜೂನ್ 27: ಎರಡನೇ ಕಂತು

ಎರಡೇ ಇಟ್ಟುಕೊಂಡರೆ ಕೊನೆಗೆ ಏನೂ ಉಳಿಯಲಿಕ್ಕಿಲ್ಲ ಅನ್ನಿಸಿ ಗಿಡವನ್ನು ಮತ್ತೆ ಜಾಲಾಡಿದೆ. ಐದು ಬೆಳೆದ ಹುಳು ಸಿಕ್ಕವು. ಮೂರು ದಿನದ ಹಿಂದೆ ಹತ್ತಕ್ಕಿಂತ ಜಾಸ್ತಿ ಎಣಿಸಿದ್ದೆ. ಒಂದು ಸಿಂಪಿಗ ಹಕ್ಕಿ ಗಿಡದಲ್ಲೇ ಠಿಕಾಣಿ ಹೂಡಿತ್ತು, ಲೆಕ್ಕ ಅಲ್ಲಿಗೆ ಸರಿಹೋಯಿತು. ಪಕ್ಕದ ಕುಂಡದ ನಿಂಬೆ ಗಿಡದಲ್ಲಿ ಎರಡು ಇದ್ದವು, ನೋಡಲು ಅವೇ ಥರ. ಅವನ್ನೂ ತಂದೆ. ನಿಂಬೆಯ ಹುಳುವಿಗೆ ನಿಂಬೆ ಎಲೆಯನ್ನೇ ಹಾಕಿದೆ, ಗೂಡು ಮಾತ್ರ ಒಂದೇ. ಎಲ್ಲ ಒಂದೇ ಜಾತಿ ಅನ್ನೋ ಧೈರ್ಯ.

ಜೂನ್ 28: ಹಸಿರು

ಲೋಟದ ಹುಳು ನಾಲ್ಕನೇ ಸಲ ಪೊರೆ ಕಳಚಿತು. ಹಿಕ್ಕೆಯಂತಿದ್ದದ್ದು ರಾತ್ರಿ ಬೆಳಗಾಗುವುದರೊಳಗೆ ಎಳೆ ಎಲೆಯ ಹಸಿರಾಗಿತ್ತು. ಎದೆಯ ಮೇಲೆ ಎರಡು ದೊಡ್ಡ ಕಣ್ಣು, ಪಕ್ಕದಲ್ಲಿ ಓರೆ ಪಟ್ಟಿ. ಆ ಕಣ್ಣು ಕಣ್ಣಲ್ಲ, ಬರೀ ಚಿತ್ತಾರ. ನಿಜವಾದ ತಲೆ ಕೆಳಗೆ ಪುಟ್ಟದಾಗಿ ಮಡಚಿಕೊಂಡು ಎಲೆ ಕೊರೆಯುತ್ತಿರುತ್ತದೆ. ಬ್ರಶ್ಶಿನಿಂದ ಬೆನ್ನು ಮುಟ್ಟಿದೆ. ತಲೆಯ ಹಿಂದಿನಿಂದ ಕವೆಯಂಥ ಕೆಂಪು ಕೊಂಬು ಚಿಮ್ಮಿತು, ಜೊತೆಗೆ ಕೊಳೆತ ಹಣ್ಣಿನ ಘಾಟು. ಕೈಗೆ ಹತ್ತಿದ ವಾಸನೆ ಸೋಪು ಹಾಕಿದರೂ ಒಂದು ಗಂಟೆ ಇತ್ತು.

ಈ ಕೊಂಬು ಮತ್ತು ಕರಿಬೇವು ಸೇರಿದರೆ ಇದು ಪ್ಯಾಪಿಲಿಯೋ ಗುಂಪಿನ ಚಿಟ್ಟೆ ಅನ್ನೋದು ಖಾತ್ರಿ. ರೋಸ್ ಹುಳುವಿಗೂ ಕೊಂಬಿದೆ, ಆದರೆ ಅದರ ರೂಪವೇ ಬೇರೆ: ಕಡು ಕೆಂಗಪ್ಪು ಮೈ, ಮೈತುಂಬ ಮೆತ್ತನೆಯ ಗುಬುಟುಗಳು, ಕಾಮನ್ ರೋಸಿನದಾದರೆ ನಡುವೆ ಒಂದು ಬಿಳಿ ಪಟ್ಟಿ. ನನ್ನ ಹುಳು ಅದಲ್ಲ. ನಾನು ಮೊದಲು ಕೊಟ್ಟ ಹೆಸರು ಅವತ್ತೇ ಬಿದ್ದುಹೋಯಿತು. ಗೆಳೆಯನಿಗೆ ಮಾತ್ರ ಹೇಳಲಿಲ್ಲ.

ತಿನ್ನುವ ಲೆಕ್ಕ: ಹಸಿರಾದ ಮೇಲೆ ಒಂದೊಂದು ಹುಳುವಿಗೆ ದಿನಕ್ಕೆ ಎರಡು ಎಸಳು. ಗಿಡ ಬೋಳಾಗತೊಡಗಿತು. ಮನೆಯಲ್ಲಿ ಮಾತು ಶುರುವಾಯಿತು.

ಜುಲೈ 1: ಕೊಳೆ

ಎರಡು ದಿನ ಊರಲ್ಲಿರಲಿಲ್ಲ. ಎಲೆ ಹಾಕಲು ಮನೆಯವರಿಗೆ ಹೇಳಿದ್ದೆ, ಪೇಪರ್ ಬದಲಿಸಲು ಹೇಳುವುದು ಮರೆತಿದ್ದೆ. ವಾಪಸ್ ಬಂದಾಗ ಕೆಳಗೆ ಲದ್ದಿ ಒದ್ದೆಯಾಗಿ ನಾತ ಹೊಡೆಯುತ್ತಿತ್ತು. ಕರಿಬೇವಿನ ಹುಳುಗಳಲ್ಲಿ ಒಂದು ಕಪ್ಪಾಗಿ, ಮೆತ್ತಗಾಗಿ, ಹಿಂದಿನ ಕಾಲಲ್ಲಿ ತಲೆಕೆಳಗಾಗಿ ಜೋತಿತ್ತು. ಮುಟ್ಟಿದರೆ ಒಡೆಯಿತು. ಇದು ಸೋಂಕು, ಉಳಿದವಕ್ಕೂ ಹರಡುತ್ತದೆ. ಎಲ್ಲ ಹೊರಗೆ ತೆಗೆದು, ಸ್ಟೂಲು, ಪರದೆ ಎರಡನ್ನೂ ಬಿಸಿನೀರು ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕಿದೆ. ಪುಣ್ಯಕ್ಕೆ ಮತ್ಯಾವುದಕ್ಕೂ ಬರಲಿಲ್ಲ.

ಆ ಗಡಿಬಿಡಿಯಲ್ಲಿ ಇನ್ನೊಂದು ತಪ್ಪು ಮಾಡಿದೆ. ಒಂದು ಹುಳು ಆಗಲೇ ರೆಂಬೆಗೆ ಕಟ್ಟಿಕೊಂಡು ಪ್ಯೂಪಾ (ಹುಳು ಚಿಟ್ಟೆಯಾಗುವ ಮೊದಲಿನ ಕೋಶ) ಆಗಿತ್ತು. ರೆಂಬೆ ಎಳೆಯುವಾಗ ಅದರ ರೇಷ್ಮೆ ನೂಲು ಹರಿದು ಪ್ಯೂಪಾ ನೆಲಕ್ಕೆ ಬಿತ್ತು. ಒಡೆಯಲಿಲ್ಲ. ಅದನ್ನು ಒಂದು ನುಣುಪು ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿದೆ. ನೆನಪಿಟ್ಟುಕೊಳ್ಳಿ ಈ ಡಬ್ಬಿಯನ್ನು.

ಜುಲೈ 2: ಪುಟ್ಟ ನೊಣ ಅಂದುಕೊಂಡದ್ದು

ಎರಡು ಹುಳು ರೆಂಬೆ ಬಿಟ್ಟು ಪರದೆಯ ಮೇಲೆಯೇ ಪ್ಯೂಪಾ ಆಗಿದ್ದವು. ಪರದೆಯ ಹೊರಗೆ ಎರಡು ಮೂರು ಮಿಲಿಮೀಟರಿನ ಹೊಳೆಯುವ ಕೀಟಗಳು ಓಡಾಡುತ್ತಿದ್ದವು, ಒಂದೆರಡು ಹಸಿ ಪ್ಯೂಪಾದ ಮೇಲೆಯೇ ಕೂತಿದ್ದವು. ಹಣ್ಣಿನ ನೊಣ ಅಂದುಕೊಂಡು ಊದಿ ಓಡಿಸಿದೆ. ಮತ್ತೆ ಬಂದವು. ನಾನು ಊಟಕ್ಕೆ ಹೋದೆ.

ಜುಲೈ 3ರಿಂದ 5: ದಾರದ ಹುಳು ಮಲಗಿದ್ದು

ಲೋಟದಿಂದ ಅದನ್ನೂ ಗೂಡಿಗೆ ಬಿಟ್ಟಿದ್ದೆ. ಆ ಹೊತ್ತಿಗೆ ನಾಲ್ಕೂವರೆ ಸೆಂಟಿಮೀಟರ್ ಉದ್ದ. 3ರ ಸಂಜೆ ತಿನ್ನುವುದು ನಿಲ್ಲಿಸಿತು. ದೊಡ್ಡದಾಗಿ ನೀರು ನೀರಾಗಿ ಹೊಟ್ಟೆ ಖಾಲಿ ಮಾಡಿತು. ಮೊದಲ ಸಲ ನೋಡುವವರು ಭೇದಿ ಅಂದುಕೊಂಡು ಹೆದರುತ್ತಾರೆ, ನಾನೂ ಹೆದರಿದೆ. ಆಮೇಲೆ ಗೂಡೆಲ್ಲ ಸುತ್ತಾಡಿತು, ಮೂರು ಗಂಟೆ. ಕೊನೆಗೆ ಚಾವಣಿಗೆ ಕಟ್ಟಿದ್ದ ಬಿದಿರು ಕಡ್ಡಿ ಹಿಡಿಸಿತು. ಬುಡಕ್ಕೆ ರೇಷ್ಮೆಯ ಗುಂಡಿ, ಬೆನ್ನಿನ ಸುತ್ತ ಉಡಿದಾರದ ಹಾಗೆ ಒಂದು ನೂಲು. ಹಾಗೇ ಒಂದು ದಿನ ಕೂತು 5ರ ಬೆಳಗಿನ ಜಾವ ಪೊರೆ ಬಿಚ್ಚಿತು. ಕಂದು ಬಣ್ಣದ ಪ್ಯೂಪಾ, ಮುರಿದ ಕಡ್ಡಿ ಚೂರಿನ ಹಾಗೆ. ಎಲೆಗಳ ನಡುವೆ ಹಸಿರು ರೆಂಬೆಗೆ ಕಟ್ಟಿಕೊಂಡವು ಹಸಿರಾಗಿದ್ದವು. ಒಂದೇ ಗೂಡು, ಒಂದೇ ಎಲೆ, ಬಣ್ಣ ಎರಡು. ಕೂತ ಜಾಗಕ್ಕೆ ತಕ್ಕ ಬಣ್ಣ.

ಒಟ್ಟು ಎಂಟು ಪ್ಯೂಪಾ. ಇನ್ನು ಕಾಯುವುದು.

ಕಾಯುವಾಗ ಓದಿದೆ. ಕರಿಬೇವು, ನಿಂಬೆ, ಬಿಲ್ವ, ಇವೆಲ್ಲ ಒಂದೇ ಕುಟುಂಬದ ಗಿಡಗಳು, ಇವುಗಳ ಮೇಲೆ ಬೆಳೆಯುವ ಚಿಟ್ಟೆಗಳಲ್ಲಿ ನಮ್ಮಲ್ಲಿ ಅತಿ ಸಾಮಾನ್ಯವಾದವು ಎರಡು: ನಿಂಬೆ ಚಿಟ್ಟೆ ಮತ್ತು ಕಾಮನ್ ಮಾರ್ಮನ್. ನಿಂಬೆ ಚಿಟ್ಟೆಗೆ ಬಾಲವೇ ಇಲ್ಲ. ನಾನು ನೋಡಿದ್ದಕ್ಕೆ ಬಾಲ ಇತ್ತು. ಕಾಮನ್ ಮಾರ್ಮನ್‌ಗೆ ಬಾಲ ಇದೆ, ಆದರೆ ಚಿತ್ರದಲ್ಲಿ ಇದ್ದದ್ದು ಕಪ್ಪು ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳ ಸಾಲು, ಕೆಂಪು ಚಂದ್ರ ಇಲ್ಲ. ತಲೆ ಕೆರೆದುಕೊಂಡೆ. ಪುಟ ತಿರುಗಿಸಿದ ಮೇಲೆ ಗೊತ್ತಾಯಿತು, ಆ ಚಿತ್ರ ಗಂಡಿನದು.

ಹೆಣ್ಣಿಗೆ ಮೂರು ವೇಷ. ಗಂಡಿನ ಹಾಗೇ ಇರುವುದು ಸೈರಸ್. ಕಾಮನ್ ರೋಸಿನ ಹಾಗಿರುವುದು ಸ್ಟಿಕಿಯಸ್. ರೋಸ್ ಬಳಗದ ಇನ್ನೊಂದು ಚಿಟ್ಟೆ ಕ್ರಿಮ್ಸನ್ ರೋಸಿನ ಹಾಗಿರುವುದು ರೋಮ್ಯುಲಸ್, ಇದು ದಕ್ಷಿಣ ಭಾರತ, ಶ್ರೀಲಂಕಾದ ಕಡೆ, ಕ್ರಿಮ್ಸನ್ ರೋಸ್ ಹಾರುವ ಜಾಗಗಳಲ್ಲಿ. ರೋಸ್‌ಗಳು ಈಶ್ವರಿ ಬಳ್ಳಿಯ ವಿಷ ಮೈಗೂಡಿಸಿಕೊಂಡಿರುತ್ತವೆ, ಹಕ್ಕಿ ಒಮ್ಮೆ ತಿಂದರೆ ಮತ್ತೆ ಮುಟ್ಟುವುದಿಲ್ಲ. ಕರಿಬೇವು ತಿಂದು ಬೆಳೆದ ಮಾರ್ಮನ್ ಹೆಣ್ಣಿಗೆ ವಿಷ ಇಲ್ಲ, ವೇಷ ಮಾತ್ರ. ಒಂದು ಗಂಡಿಗೆ ಮೂರು ಥರದ ಹೆಣ್ಣು ಇದ್ದದ್ದರಿಂದಲೇ, ಆ ಕಾಲದಲ್ಲಿ ಬಹುಪತ್ನಿತ್ವಕ್ಕೆ ಹೆಸರಾಗಿದ್ದ ಅಮೆರಿಕದ ಮಾರ್ಮನ್ ಪಂಥದ ಹೆಸರನ್ನು ಬ್ರಿಟಿಷರು ತಮಾಷೆಗೆ ಇದಕ್ಕೆ ಇಟ್ಟರಂತೆ.

ಬ್ರಿಟಿಷ್ ಜೀವವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್ 1865ರಲ್ಲೇ ಈ ಜಾತಿಯ ಹೆಣ್ಣುಗಳ ವೇಷಗಳ ಬಗ್ಗೆ ಬರೆದಿದ್ದ. ರೋಮ್ಯುಲಸ್ ಅನ್ನು ಹಿಂದೆ ಬೇರೆ ಜಾತಿಯೆಂದೇ ಹೆಸರಿಸಿದ್ದರು, ಅಂದರೆ ಎಡವಿದ್ದು ನಾನೊಬ್ಬನೇ ಅಲ್ಲ. ಈ ವೇಷ ಬದಲಾಯಿಸುವ ಗುಂಡಿ ಡಬಲ್‌ಸೆಕ್ಸ್ ಅನ್ನುವ ಒಂದೇ ಜೀನ್ ಅನ್ನೋದು 2014ರಲ್ಲಿ ಪ್ರಕಟವಾಯಿತು. ಆ ತಂಡದಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಇದ್ದರು. ಗಂಡಿಗೂ ಆ ಜೀನ್ ಇರುತ್ತದೆ, ಅವನ ರೆಕ್ಕೆಯಲ್ಲಿ ಕಾಣುವುದಿಲ್ಲ, ಅಷ್ಟೇ.

ಇದೆಲ್ಲ ಓದಿದ ಮೇಲೆ ದಾರದ ಪ್ಯೂಪಾ ಹೆಣ್ಣಾಗಲಿ ಅಂತ ದಿನಾ ಹೋಗಿ ನೋಡುವುದು. ಗಂಡಾದರೆ ಜಾತಿ ಗೊತ್ತಾಗುತ್ತದೆ, ಆದರೆ ನಾನು ನೋಡಿದ ಆ ಕೆಂಪು ಚಂದ್ರದ ರೆಕ್ಕೆ ಮತ್ತೆ ಕಾಣಲಿಕ್ಕಿಲ್ಲ.

ಜುಲೈ 11: ನಿಂಬೆ ಗಿಡದವು

ಬೆಳಿಗ್ಗೆ ಎರಡು ಚಿಟ್ಟೆ ಒಟ್ಟಿಗೆ. ಕಪ್ಪು ರೆಕ್ಕೆ, ತುಂಬ ಹಳದಿ ಮಚ್ಚೆ, ಬಾಲ ಇಲ್ಲ. ನಿಂಬೆ ಚಿಟ್ಟೆ. ಒಂದೇ ಜಾತಿ ಅಂತ ಒಂದೇ ಗೂಡಿಗೆ ಹಾಕಿದ್ದೆನಲ್ಲ! ಹಸಿರು ಹುಳುಗಳ ಫೋಟೋಗಳಲ್ಲಿ ಯಾವುದು ಯಾವುದರದ್ದು ಅಂತ ಈಗ ಹೇಳೋಕೆ ಆಗುತ್ತಿಲ್ಲ, ಚೀಟಿ ಅಂಟಿಸಿರಲಿಲ್ಲ. ಬೇರೆ ಗಿಡದ್ದು ಬೇರೆ ಗೂಡು, ಇಲ್ಲವೇ ಚೀಟಿ. ಎರಡೂ ಹಾರಿಹೋದವು.

ಜುಲೈ 12, 13: ಒಂದು ಗಂಡು, ಇನ್ನೊಂದು ಗಂಡು

12ರಂದು ಕರಿಬೇವಿನ ಹುಳುವಿನಿಂದ ಚಂದದ ಗಂಡು. ಬಿಳಿ ಚುಕ್ಕೆಗಳ ಸಾಲು, ಬಾಲ. ಕಾಮನ್ ಮಾರ್ಮನ್, ಸಂಶಯವಿಲ್ಲ. ಒಂದು ಗಂಟೆ ರೆಕ್ಕೆ ಒಣಗಿಸಿಕೊಂಡು ಹೋಯಿತು.

13ರಂದು ಡಬ್ಬಿಯದ್ದು. ಹೊರಬಂದ ಚಿಟ್ಟೆಗೆ ತಕ್ಷಣ ಮೇಲೆ ಹತ್ತಿ ಜೋತು ಬೀಳಲು ಒರಟು ಜಾಗ ಬೇಕು. ಒದ್ದೆ ರೆಕ್ಕೆಗೆ ಮೈಯಿಂದ ದ್ರವ ನೂಕಿ ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಅರಳಿಸಿಕೊಳ್ಳುತ್ತದೆ. ನನ್ನ ಡಬ್ಬಿಯ ಗೋಡೆ ನುಣುಪು. ಹತ್ತುವುದು, ಜಾರುವುದು, ಹತ್ತುವುದು, ಜಾರುವುದು. ನಾನು ಎದ್ದು ನೋಡುವಷ್ಟರಲ್ಲಿ ರೆಕ್ಕೆ ಮುದ್ದೆಯಾಗಿ ಒಣಗಿತ್ತು. ಕಡ್ಡಿ ಹತ್ತಿಸಿದೆ, ಸಕ್ಕರೆ ನೀರು ಕೊಟ್ಟೆ, ನಾಲ್ಕು ದಿನ ಇತ್ತು. ಬಿದ್ದ ಪ್ಯೂಪಾವನ್ನು ಒಂದು ಒರಟು ಬಟ್ಟೆಯ ಬದಿಗೆ ಒರಗಿಸಿದ್ದರೆ ಸಾಕಿತ್ತು, ಇಲ್ಲವೇ ಹಿಂತುದಿಯ ರೇಷ್ಮೆಗೆ ದಾರ ಗಂಟು ಹಾಕಿ ನೇತುಹಾಕಬೇಕಿತ್ತು.

ಜುಲೈ 14: ಕಣಜ

ಪರದೆ ಮೇಲಿನ ಎರಡು ಪ್ಯೂಪಾ ಕೆಲವು ದಿನದಿಂದ ಮುಟ್ಟಿದರೂ ಅಲುಗುತ್ತಿರಲಿಲ್ಲ. ಅವತ್ತು ಅವುಗಳ ಬದಿಯಲ್ಲಿ ಸೂಜಿ ಚುಚ್ಚಿದಂಥ ತೂತು, ಗೂಡಿನ ತುಂಬ ಪುಟ್ಟ ಹೊಳೆಯುವ ಕಣಜಗಳು. ಎಣಿಸಲು ಹೋಗಿ ಎಪ್ಪತ್ತಕ್ಕೆ ಬಿಟ್ಟೆ. ಜುಲೈ 2ರಂದು ಊದಿ ಓಡಿಸಿದ ಹಣ್ಣಿನ ನೊಣ ಇವೇ. ಟೆರೊಮಾಲಸ್ ಅನ್ನುವ ಗುಂಪಿನವು, ಹಸಿ ಪ್ಯೂಪಾದ ಸಿಪ್ಪೆ ಗಟ್ಟಿಯಾಗುವ ಮೊದಲೇ ಒಳಗೆ ಮೊಟ್ಟೆ ಇಡುತ್ತವೆ. ಸೊಳ್ಳೆ ಪರದೆ ಇವಕ್ಕೆ ಬಾಗಿಲು ತೆರೆದಿಟ್ಟ ಹಾಗೆ. ಪ್ಯೂಪಾ ಆಗುವ ಎರಡು ಮೂರು ದಿನವಾದರೂ ಗೂಡಿನ ಮೇಲೆ ತೆಳು ಹತ್ತಿ ಬಟ್ಟೆ ಹೊದಿಸಬೇಕು. ದಾರದ ಹುಳು ಚಾವಣಿಯ ಕಡ್ಡಿಯಲ್ಲಿ ಕೂತದ್ದೂ, ಮೂರು ದಿನ ತಡವಾಗಿ ಕೂತದ್ದೂ ಅದರ ಅದೃಷ್ಟ.

ಜುಲೈ 16: ಮೋಸ ಹೋಗುವುದರಲ್ಲಿದ್ದೆ

ಮೊದಲ ಕಂತಿನ ಇನ್ನೊಂದು ಪ್ಯೂಪಾ ಒಡೆಯಿತು. ಬಿಳಿ ಚುಕ್ಕೆ ಸಾಲು, ಬಾಲ. ಗಂಡು ಅಂತ ಬರೆದೂ ಆಗಿತ್ತು. ರೆಕ್ಕೆ ಪೂರ್ತಿ ಬಿಚ್ಚಿದಾಗ ಹಿಂದಿನ ರೆಕ್ಕೆಯ ಅಂಚಿನಲ್ಲಿ ಕೆಂಪು ಚಂದ್ರ ಎದ್ದು ಕಂಡಿತು, 12ರ ಗಂಡಿನಲ್ಲಿ ಇಷ್ಟು ಇರಲಿಲ್ಲ. ಸೈರಸ್, ಗಂಡಿನ ಹಾಗಿರುವ ಹೆಣ್ಣು. ಮೂರು ವೇಷಗಳಲ್ಲಿ ಕಡಿಮೆ ಸಿಗುವುದು ಇದೇ. ಸಾಲು ಹೊಡೆದು ಮತ್ತೆ ಬರೆದೆ.

ಆ ರಾತ್ರಿ ದಾರದ ಪ್ಯೂಪಾ ಕಪ್ಪಾಯಿತು. ಟಾರ್ಚ್ ಹಿಡಿದರೆ ಸಿಪ್ಪೆಯೊಳಗೆ ರೆಕ್ಕೆಯ ಮಡಿಕೆ ಕಾಣುತ್ತಿತ್ತು, ನಡುವೆ ಏನೋ ಬೆಳ್ಳಗೆ. ಅಲಾರಾಂ ಐದಕ್ಕೆ ಇಟ್ಟೆ.

ಜುಲೈ 17, ಬೆಳಿಗ್ಗೆ 7.10

ಐದರಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. ಕಾಫಿ ತರಲು ಎದ್ದ ಮೂರು ನಿಮಿಷದಲ್ಲಿ ಹೊರಗೆ ಬಂದಿತ್ತು. ಬಿದಿರು ಕಡ್ಡಿಗೆ ಜೋತು ಬಿದ್ದು, ಮುದುಡಿದ ರೆಕ್ಕೆ, ಕೆಳಗೆ ಪೇಪರಿನ ಮೇಲೆ ಕೆಂಪಾದ ಒಂದು ಹನಿ. ಹತ್ತು ನಿಮಿಷಕ್ಕೆ ಬಾಲ ಬಂತು. ಇಪ್ಪತ್ತಕ್ಕೆ ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ. ಅಂಚಿನಲ್ಲಿ ಕೆಂಪು ಚಂದ್ರಗಳು, ಒಂದಾದ ಮೇಲೆ ಒಂದು.

ಸ್ಟಿಕಿಯಸ್. ಜೂನ್ 14ರ ಅದೇ ರೆಕ್ಕೆ, ಅದೇ ಕಾಮನ್ ರೋಸ್, ಕರಿಬೇವು ತಿಂದು ಬೆಳೆದದ್ದು. ಆದರೆ ಈಗ ಅದು ಒಂದು ಗೇಣು ದೂರದಲ್ಲಿ, ಅಲುಗದೆ ಕೂತಿತ್ತು. ಮೈ ನೋಡಿದೆ. ಕಪ್ಪು. ತಲೆ ಕಪ್ಪು, ಎದೆ ಕಪ್ಪು, ಹೊಟ್ಟೆ ಕಪ್ಪು. ಪುಸ್ತಕದಲ್ಲಿ ಕಾಮನ್ ರೋಸ್ ತೆರೆದು ಪಕ್ಕದಲ್ಲಿ ಹಿಡಿದೆ: ತಲೆ ಕೆಂಪು, ಹೊಟ್ಟೆಯ ಪಕ್ಕ ಕೆಂಪು, ಕುಂಕುಮ ಬಳಿದ ಹಾಗೆ. ಕ್ರಿಮ್ಸನ್ ರೋಸಿನ ಮೈಯೂ ಕೆಂಪೇ. ರೆಕ್ಕೆಯನ್ನು ಇಷ್ಟು ಚೆನ್ನಾಗಿ ನಕಲು ಮಾಡಿದ ಮಾರ್ಮನ್ ಮೈಗೆ ಬಣ್ಣ ಹಚ್ಚಿಕೊಂಡಿಲ್ಲ.

ಫೋನ್ ತೆಗೆದು ಜೂನ್ 14ರ ನಾಲ್ಕು ಮಸುಕು ಫೋಟೋ ತೆರೆದೆ. ಮೂರರಲ್ಲಿ ಏನೂ ಕಾಣುವುದಿಲ್ಲ. ನಾಲ್ಕನೆಯದರಲ್ಲಿ ಮೊಟ್ಟೆ ಇಡಲು ಬಗ್ಗಿಸಿದ ಹೊಟ್ಟೆ, ದೊಡ್ಡದು ಮಾಡಿದರೆ ಸಾಕು, ಇದ್ದಿಲಿನ ಹಾಗೆ ಕಪ್ಪು. ಗೆಳೆಯ ನೋಡಿದ್ದು ಅದನ್ನೇ.

ಒಂಬತ್ತೂವರೆಗೆ ಪರದೆ ಬಿಚ್ಚಿದೆ. ಕಾಂಪೌಂಡ್ ಗೋಡೆಯ ತನಕ ನಿಧಾನಕ್ಕೆ, ರೋಸಿನ ಹಾಗೇ ತೇಲುತ್ತ ಹೋಯಿತು. ಗೋಡೆ ಮೇಲಿದ್ದ ಬೆಕ್ಕು ಕೈ ಎತ್ತಿದ್ದೇ ತಡ, ರೋಸಿನ ವೇಷ ಮರೆತು ಸೊಂಯ್ ಅಂತ ಮಾವಿನ ಮರದ ಮೇಲಕ್ಕೆ.

ಗೆಳೆಯನಿಗೆ ಫೋಟೋ ಕಳಿಸಿದೆ. "ರೋಮ್ಯುಲಸ್ ಯಾವಾಗ?" ಅಂತ ಬಂತು. ಗಿಡದಲ್ಲಿ ಈಗ ಹನ್ನೊಂದು ಎಸಳು ಉಳಿದಿವೆ, ಮೂರರಲ್ಲಿ ಮೊಟ್ಟೆ. ಸ್ಟೂಲು ಇನ್ನೂ ತಲೆಕೆಳಗೇ ಇದೆ, ತೆಳು ಹತ್ತಿ ಬಟ್ಟೆ ತಂದಿಟ್ಟಿದ್ದೇನೆ.